ಇಜಾಜತ್ ಕೇಳುತ್ತಿದ್ದ ಓಣಿ

ಬೀದರಿನ ಅಂಚಿನ ಕೊಳಾರದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ಚಿದ್ರಿಯ ನನ್ನ ಬಾಗಿಲ ಮುಂದಿನಿಂದಲೇ ಹಾದುಹೋಗುತ್ತಾರೆ. ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಪಾಸು ತೂಗುತ್ತಿರುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಪಾಸು ಮರೆತು ಅರ್ಧ ದಾರಿಯಿಂದ ಓಡಿ ಬಂದಳು. "ಪಾಸ್ ಇಲ್ಲಂದ್ರ ಗೇಟಿನಾಗ ಬಿಡೂದಿಲ್ರಿ ಅಜ್ಜಿ" ಎಂದು ಏದುಸಿರು ಬಿಡುತ್ತ ಹೇಳಿದಳು. ಒಳಗೆ ಬಿಡುವುದಿಲ್ಲವೋ, ಹೊರಗೆ ಬಿಡುವುದಿಲ್ಲವೋ ಎಂದು ಕೇಳಿದೆ. ಮುದುಕಿಗೆ ಅರಳು ಮರಳು ಎಂದುಕೊಂಡು ನಕ್ಕು ಹೋದಳು. ಅವಳ ತಪ್ಪಿಲ್ಲ. ನಾನು ಹುಟ್ಟಿದ ಓಣಿಯಲ್ಲಿ ಹೊರಗೆ ಹೋಗಲಿಕ್ಕೆ ಚೀಟಿ ಬೇಕಾಗಿತ್ತು.

ಆ ಓಣಿ ಬೀದರಿನ ಹಳೆಯ ಊರಿನಲ್ಲಿ, ಚೌಬಾರಾ ಗೋಪುರದಿಂದ ನಾಲ್ಕು ಹೆಜ್ಜೆ ಆಚೆಗಿತ್ತು. ಈಗ ಅಲ್ಲಿ ಸೈಕಲ್ ರಿಪೇರಿ ಅಂಗಡಿ, ಬಳೆ ಅಂಗಡಿ, ಮಾಳಿಗೆಯ ಮೇಲೆ ಮಕ್ಕಳ ಟ್ಯೂಷನ್ನು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಆ ಓಣಿಯ ಮನೆಮನೆಯಲ್ಲೂ ಹಾಡುವ, ಕುಣಿಯುವ ಹೆಂಗಸರಿದ್ದರು. ಬಂದವರು ಹಾಡು ಕೇಳಿ ಎದ್ದು ಹೋಗುತ್ತಿದ್ದರು ಎಂದು ಈ ವಯಸ್ಸಿನಲ್ಲಿ ಸುಳ್ಳು ಹೇಳುವುದಿಲ್ಲ. ಕದ್ದು ಮುಚ್ಚಿ ಮಾಡುವ ಕಸುಬೂ ಅದಾಗಿರಲಿಲ್ಲ. ಸರ್ಕಾರದ ಪರವಾನಗಿ ಇತ್ತು. ಓಣಿಯ ಬಾಯಲ್ಲೇ ಒಂದು ಪೊಲೀಸ್ ಚೌಕಿ. ಅಲ್ಲಿ ಅಧಿಕಾರಿಯಾಗಿ ಒಬ್ಬ ಅಮೀನ ಸಾಹೇಬರು, ಒಬ್ಬ ಗುಮಾಸ್ತ, ಒಬ್ಬ ಮುದುಕ ಜವಾನ, ಮತ್ತು ಕೆಂಪು ಬಟ್ಟೆ ಸುತ್ತಿದ ಒಂದು ರಿಜಿಸ್ಟರ್. ನಮ್ಮ ಹೆಸರು, ವಯಸ್ಸು, ಯಾರ ಮನೆಯವಳು, ಮೈಮೇಲಿನ ಗುರುತೇನು ಎಲ್ಲ ಅದರಲ್ಲಿ. ನನ್ನ ಗುರುತು ಎಡಗೈ ಮೇಲಿನ ಸುಟ್ಟ ಕಲೆ. ಚಿಕ್ಕವಳಿದ್ದಾಗ ರೊಟ್ಟಿಯ ಹಂಚು ತಾಗಿ ಆದದ್ದು. ಸರ್ಕಾರದ ಉಪಯೋಗಕ್ಕೆ ಬಂತು.

ಆ ಬದುಕಿನ ಬಗ್ಗೆ ಕೇಳುವವರೆಲ್ಲ ಅತ್ತರು, ಗೆಜ್ಜೆ ಎಂದು ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಒಣಗದ ಬಟ್ಟೆಯ ವಾಸನೆ, ಆಮೇಲೆ ನಿದ್ದೆ. ಎಷ್ಟು ಮಲಗಿದರೂ ಮುಗಿಯದ ನಿದ್ದೆ. ಬಿಸಿಲು ಅಂಗಳದ ಬೇವಿನ ಗಿಡ ದಾಟಿದ ಮೇಲೆ ಏಳುತ್ತಿದ್ದೆವು. ಎದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಾವಿಯಿಂದ ನೀರು ಸೇದಬೇಕು, ತಲೆಗೆ ಎಣ್ಣೆ ತಟ್ಟಬೇಕು, ರೊಟ್ಟಿ ಬಡಿಯಬೇಕು. ಮಧ್ಯಾಹ್ನ ಸಾರಂಗಿ ಬಾರಿಸುವ ಮುದುಕನ ಎದುರು ಎರಡು ತಾಸು ಗಂಟಲು ಹರಿದುಕೊಳ್ಳಬೇಕು. ಅವನಿಗೂ ಬೇಸರ, ನಮಗೂ ಬೇಸರ. ಹೊತ್ತು ಇಳಿಯುವಾಗ ಗಾದಿ ಝಾಡಿಸಿ, ಬಿಳಿ ಚಾದರ ಎಳೆದು, ಎಲೆ ಒರೆಸಿ ಪಾನ್‌ದಾನಿ ತುಂಬಿಸಬೇಕು. ಆಮೇಲೆ ನಗಬೇಕು. ನಕ್ಕು ನಕ್ಕು ದವಡೆ ನೋಯುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ, ಬೆಳಿಗ್ಗೆ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ.

ಬೈಠಕ್ ಸೇರಿದ ಮೇಲೆ ಹಾಡುವವಳು ಸೀದಾ ಬಾಯಿ ತೆಗೆಯುವಂತಿರಲಿಲ್ಲ. ಬಲಗೈ ಹಣೆಯ ತನಕ ತಂದು, ಬಾಗಿ, "ಇಜಾಜತ್ ಹೈ?" ಎಂದು ಕೇಳಬೇಕು. ಅಪ್ಪಣೆ ಇದೆಯೇ ಎಂದು. ಕೂತವರಲ್ಲಿ ಹಿರಿಯರು ಹೂಂ ಎಂದರೆ ಹಾಡು. ಉರ್ದುವಿನವರ ರಿವಾಜೇ ಹಾಗೆ. ಎದ್ದು ಹೋಗುವಾಗಲೂ ಅದೇ ಮಾತು. "ಇನ್ನು ಇಜಾಜತ್ ಕೊಡಿ" ಎಂದು ಒಬ್ಬರಿಗೊಬ್ಬರು ಹೇಳಿ, ಸಲಾಮು ಮಾಡಿ ಮೆಟ್ಟಿಲು ಇಳಿಯುತ್ತಿದ್ದರು. ಅವರವರಲ್ಲೇ ಕೇಳಿಕೊಳ್ಳುತ್ತಿದ್ದರು. ನಮ್ಮ ಹತ್ತಿರ ಯಾರೂ ಕೇಳುತ್ತಿರಲಿಲ್ಲ, ನಾವು ಕೇಳುವವರು. ಊರ ದರವಾಜಾ ದಾಟಿ ಹೋಗಬೇಕಾದರೆ ಚೌಕಿಯ ಮುಂದೆ ನಿಂತು ಅದೇ ಇಜಾಜತ್ ಬೇಡಬೇಕು. ಅಮೀನರು ಒಪ್ಪಿದರೆ ಸಿಕ್ಕಾ ಹೊಡೆದ ಒಂದು ಕಾಗದ ಸಿಗುತ್ತಿತ್ತು. ಅದಕ್ಕೆ ನಾವು ಚಿಟ್ಠಿ ಎನ್ನುತ್ತಿದ್ದೆವು.

ಒಬ್ಬಳು ಚಿಟ್ಠಿ ಇಲ್ಲದೆ ತಮ್ಮನ ಮದುವೆಗೆಂದು ಔರಾದಿಗೆ ಹೋಗಿದ್ದಳು. ಅವಳನ್ನು ಹಿಡಿದು ತಂದು, ಟಾಂಗಾದಲ್ಲಿ ಹಿಂದು ಮುಂದಾಗಿ ಕೂರಿಸಿ, ಡಂಗುರ ಸಾರುತ್ತ ಚೌಬಾರಾ ಸುತ್ತಿಸಿದರು. ಆ ಮನೆಗೆ ಒಂದು ತಿಂಗಳು ಬೀಗ. ಅವಳ ಮನೆಯ ಹೆಂಗಸರು ಅಮೀನರನ್ನು ಬೈಯಲಿಲ್ಲ, ಅವಳನ್ನೇ ಬೈದರು. ನಾನೂ ಬೈದೆ, ಮುಚ್ಚಿಡುವುದಿಲ್ಲ.

ನನ್ನ ಅವ್ವ ಔರಾದ ಕಡೆ ಕುರಿ ಸಾಕುವವರ ಮನೆಯ ಮಗಳು. ಸಣ್ಣ ವಯಸ್ಸಿನಲ್ಲಿ ಗಂಡ ಸತ್ತ ಮೇಲೆ ತಂಗಿಯ ಕೈ ಹಿಡಿದುಕೊಂಡು ಬೀದರಿಗೆ ಬಂದವಳು. ಈ ಓಣಿಗೆ ಹೇಗೆ ಬಂದೆ ಎಂದು ಕೇಳಿದಾಗಲೆಲ್ಲ "ನಡಕೋತ ಬಂದೆ" ಎನ್ನುತ್ತಿದ್ದಳು. ಅಷ್ಟೇ ಉತ್ತರ. ಹಾಗಾಗಿ ಗಾದಿಯ ಮೇಲೆ ನಮ್ಮದು ಉರ್ದು, ಒಲೆಯ ಮುಂದೆ ಕನ್ನಡ. ಅವ್ವ ಸತ್ತ ಮೇಲೆ ನನಗೆ ಉಳಿದವಳು ಅವಳ ತಂಗಿ, ನನ್ನ ಚಿಗವ್ವ. ಅವಳನ್ನು ಭಾಲ್ಕಿ ಸ್ಟೇಷನ್ನಿನ ಒಬ್ಬ ಮುಸಲ್ಮಾನ ನೌಕರ, ಸಿಗ್ನಲ್ ಕೈಕಂಬ ಏರಿಸಿ ಇಳಿಸುವವನು, ನಿಕಾಹ್ ಮಾಡಿಕೊಂಡು ಕರೆದುಕೊಂಡು ಹೋದ. ಸರ್ಕಾರಿ ನೌಕರನೇ ಬರೆದುಕೊಟ್ಟದ್ದರಿಂದ ಅವಳ ಹೆಸರನ್ನು ರಿಜಿಸ್ಟರಿನಲ್ಲಿ ಹೊಡೆದುಹಾಕಿದರು. ನಮ್ಮ ಓಣಿಯಲ್ಲಿ ಹಾಗೆ ಹೊರಬಿದ್ದವರನ್ನು ಬೆರಳಿನಲ್ಲಿ ಎಣಿಸಬಹುದು.

ನನಗೊಬ್ಬಳು ಮಗಳು ಹುಟ್ಟಿದಳು. ತಂದೆ ಯಾರೆಂದು ಕೇಳುವವರು ಈಗಲೂ ಇದ್ದಾರೆ. ನನಗೆ ಗೊತ್ತು, ಆತನಿಗೂ ಗೊತ್ತಿತ್ತು, ಮೂರನೆಯವರಿಗೆ ಆ ಉಸಾಬರಿ ಬೇಡ. ಓಣಿಯಲ್ಲಿ ಬೆಳೆಯುವ ಹೆಣ್ಣು ಕೂಸಿನ ಹೆಸರು ತಾಯಿಯ ಹೆಸರಿನ ಕೆಳಗೆ ರಿಜಿಸ್ಟರಿಗೆ ಏರುತ್ತಿತ್ತು. ಒಮ್ಮೆ ಏರಿದ್ದು ಇಳಿಯುತ್ತಿರಲಿಲ್ಲ. ನನ್ನದೂ ಹಾಗೇ ಏರಿದ್ದು. ಮಗಳ ಹೆಸರು ಅಲ್ಲಿ ಬರಕೂಡದು ಎಂದು ಹಠ ಹಿಡಿದೆ. ಎರಡು ದಿನ ಊಟ ಬಿಟ್ಟೆ. ಮನೆಯ ಯಜಮಾನಿ ದೊಡ್ಡಬಾಯಿ ಬಾಯಿ ಬಿರುಸಾದರೂ ಕರುಳಿದ್ದವಳು. ಚೌಕಿಗೆ ಹೋಗಿ, ಕೂಸು ಹುಟ್ಟಿತು, ಉಳಿಯಲಿಲ್ಲ ಎಂದು ಬರೆಸಿ ಬಂದಳು. ನಲವತ್ತು ದಿನದ ಕೂಸನ್ನು ಚಿಗವ್ವ ಬಂದು ಸೆರಗಿನಲ್ಲಿ ಮುಚ್ಚಿ ಭಾಲ್ಕಿಗೆ ಒಯ್ದಳು. ಎದೆಗೆ ಬಟ್ಟೆ ಬಿಗಿದು ಹಾಲು ಬತ್ತಿಸಿಕೊಂಡೆ. ಹತ್ತನೇ ದಿನಕ್ಕೆ ಮತ್ತೆ ಗಾದಿಯ ಮೇಲೆ ಕೂತು ಇಜಾಜತ್ ಕೇಳಿದೆ.

ಅವಳನ್ನು ನೋಡಲು ಹೋಗಬೇಕಲ್ಲ, ಅದಕ್ಕೆ ಚಿಟ್ಠಿ ಬೇಕು, ಚಿಟ್ಠಿಗೆ ಕಾರಣ ಬೇಕು. ಹತ್ತಿರದವರ ಸಾವು, ಹತ್ತಿರದವರ ಕಾಯಿಲೆ, ದರ್ಗಾ ಇಲ್ಲವೇ ದೇವರ ಹರಕೆ, ಇಷ್ಟೇ ಕಾರಣ ನಡೆಯುತ್ತಿದ್ದವು. ಕಾಗದದಲ್ಲಿ ಸತ್ತುಹೋದ ಮಗಳನ್ನು ನೋಡಬೇಕೆಂದು ಬರೆಸುವುದು ಹೇಗೆ? ಹಾಗಾಗಿ ನಾನು ಭಾಲ್ಕಿಯಲ್ಲಿ ಒಬ್ಬೊಬ್ಬರನ್ನೇ ಸಾಯಿಸುತ್ತ ಬಂದೆ. ಮೊದಲು ಒಬ್ಬ ಸೋದರಮಾವ. ಆಮೇಲೆ ಅವನ ಹೆಂಡತಿ. ಆಮೇಲೆ ಅವನ ಅಣ್ಣ. ಅವರು ಯಾರೂ ಹುಟ್ಟಿಯೇ ಇರಲಿಲ್ಲ. ಒಬ್ಬರ ಸಾವಿಗೆ ಎರಡು ದಿನದ ರಜೆ ಸಿಗುತ್ತಿತ್ತು, ವರ್ಷಕ್ಕೆ ಎರಡು ಮೂರು ಸಲ. ಗುಮಾಸ್ತ ಒಮ್ಮೆ ಟಾಕು ಮಸಿಗೆ ಅದ್ದುತ್ತ, "ಭಾಲ್ಕಿ ಹವಾ ನಿಮ್ಮ ಮಂದಿಗಿ ಕೂಡೂದಿಲ್ಲ ಕಾಣ್ತದ" ಎಂದ. ನಾನು ಕಣ್ಣು ಒರೆಸಿಕೊಂಡೆ. ಅಳುವುದು ಬರುತ್ತಿತ್ತು, ಅದೂ ಕಸುಬಿನ ಭಾಗವೇ. ಹೇಳಲು ಬೇರೆ ಯಾರೂ ಉಳಿಯದೆ ಕಡೆಯ ಶ್ರಾವಣದಲ್ಲಿ ಚಿಗವ್ವನನ್ನೇ ಸಾಯಿಸಿದೆ.

ಭಾಲ್ಕಿಗೆ ಹೋಗುವಾಗ ಸೆರಗಿನ ತುದಿಯಲ್ಲಿ ಪುಠಾಣಿ, ಬೆಲ್ಲ ಗಂಟು ಕಟ್ಟಿಕೊಂಡು ಹೋಗುತ್ತಿದ್ದೆ. ಮಗಳು ಚಿಗವ್ವನಿಗೆ ಅಮ್ಮೀ ಎನ್ನುತ್ತಿದ್ದಳು, ನನಗೆ ಬೀದರ ಅವ್ವ. ನಾನು ಹೊಸ್ತಿಲಲ್ಲಿ ಕೂತದ್ದೇ ತಡ, ಬಂದು ತೊಡೆಯ ಮೇಲೆ ಕೂತು ಗಂಟಿಗೆ ಹಲ್ಲು ಹಚ್ಚುತ್ತಿದ್ದಳು. ಗಂಟು ಬಿಚ್ಚಿ ಪುಠಾಣಿ ಮುಷ್ಟಿಗೆ ಬಂದ ಕೂಡಲೇ ಎದ್ದು ಓಡಿಬಿಡುವಳು. ಅದಕ್ಕೇ ನಾನು ಗಂಟನ್ನು ಆದಷ್ಟು ಬಿಗಿಯಾಗಿ ಕಟ್ಟಿಕೊಂಡು ಹೋಗುತ್ತಿದ್ದೆ.

ಅವಳಿಗೆ ಐದು ತುಂಬಿತು. ಅವಳನ್ನು ಭಾಲ್ಕಿಯಲ್ಲೇ ಸಾಲಿಗೆ ಹಾಕಬೇಕು, ಹೇಗಾದರೂ ನನ್ನ ಹೆಸರನ್ನೂ ಹೊಡೆದುಹಾಕಿಸಿಕೊಂಡು ನಾನೂ ಅಲ್ಲೇ ಒಂದು ಕೋಣೆ ಹಿಡಿದು ಅವಳ ಜೊತೆ ಇರಬೇಕು. ಬದುಕಿನಲ್ಲಿ ನಾನು ಬಯಸಿದ್ದು ಇದೊಂದೇ. ಅಮೀನ ಸಾಹೇಬರು ನೋಡೋಣ ಎಂದಿದ್ದರು. ಆ ನೋಡೋಣದ ಮೇಲೆಯೇ ಆ ವರ್ಷ ಕಳೆದೆ.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಬಂತು. ಮಳೆಗಾಲ ಮುಗಿಯದ ದಿನಗಳು. ವಿಮಾನದ ಸದ್ದು ಕೇಳಿ ನಾವೆಲ್ಲ ಗಾದಿಗಳ ಕೆಳಗೆ ಹೊಕ್ಕೆವು. ನಾಲ್ಕೈದು ದಿನ ಓಣಿಯ ಒಂದು ಬಾಗಿಲೂ ತೆರೆಯಲಿಲ್ಲ. ಕತ್ತಿ ಹಿಡಿದು ಊರೆಲ್ಲ ಮೆರೆಯುತ್ತಿದ್ದ ಖಾಕಿ ಹುಡುಗರು ಮಾಯವಾದರು; ನಮ್ಮ ಬಾವಿಯಲ್ಲಿ ಅವರ ಅಂಗಿಗಳು ತೇಲಿದವು, ನೀರು ಸೇದುವಾಗ ಕೊಡಕ್ಕೆ ಸುತ್ತಿಕೊಳ್ಳುತ್ತಿದ್ದವು. ಮಿಲಿಟರಿ ಬಂತು. ಮೊದಲು ಖಾಕಿ ಹುಡುಗರ ಭಯಕ್ಕೆ ಹಳ್ಳಿಗಳ ಹಿಂದೂ ಜನ ಓಡಿಬಂದಿದ್ದರು. ಈಗ ಮುಸಲ್ಮಾನ ಹೆಂಗಸರು ಮಕ್ಕಳನ್ನು ಸೊಂಟಕ್ಕಿಟ್ಟುಕೊಂಡು ಊರೊಳಗೆ ಬರತೊಡಗಿದರು. ಎರಡು ಸಲವೂ ಕಿಟಕಿಯ ಹಿಂದೆ ನಿಂತು ನೋಡಿದೆ. ಅವರ ನಡಿಗೆ ಒಂದೇ ತರಹ ಇತ್ತು. ಅಮೀನ ಸಾಹೇಬರೂ ಒಂದು ಬೆಳಿಗ್ಗೆ ಕಾಣೆಯಾದರು. ಚೌಕಿಗೆ ಬೀಗ ಬಿತ್ತು.

ಆಮೇಲಿನ ಸೋಮವಾರ, ಭಾಲ್ಕಿಗೂ ಬೀದರಿಗೂ ತಿರುಗಾಡುವ ಬಳೆಗಾರ್ತಿಯೊಬ್ಬಳು ಬುಟ್ಟಿ ಇಳಿಸಿ ನನ್ನ ಕೈ ಹಿಡಿದು, ಬಳೆ ಏರಿಸುವ ನೆವದಲ್ಲಿ ಮೆಲ್ಲಗೆ ಹೇಳಿದಳು.

"ನಿಮ್ಮ ಚಿಗವ್ವ ಹೇಳಿ ಕಳಿಸ್ಯಾಳ್ರಿ. ಅಲ್ಲಿ ಅವರಿಗಿ ಇರ್ಲಾಕ ಅಂಜಿಕಿ ಆಗೇದ. ನಿಂತಿದ್ದ ರೈಲು ಶುಕ್ರವಾರ ಮುಂಜಾನಿ ಬಿಡ್ತಾರಂತ. ಗಂಡಾ ಹೆಂಡ್ತಿ ಹೈದರಾಬಾದಿಗಿ ಹೋಗ್ತಾರ. ಅದರ ಮೊದ್ಲ ಬಂದು ಕೂಸಿನ ಕರ್ಕೊಂಡ ಹೋಗಂದಾಳ. ಬರ್ಲಿಲ್ಲಂದ್ರ ಜೋಡಿ ಒಯ್ತೇವಿ, ಬಿಟ್ಟು ಹೋಗ್ಲಾಕ ಬರೂದಿಲ್ಲ ಅಂದಾಳ."

ಶುಕ್ರವಾರಕ್ಕೆ ನಾಲ್ಕು ದಿನ. ರೈಲು ನಿಂತಿತ್ತು, ಭಾಲ್ಕಿ ಎತ್ತಿನ ಗಾಡಿಯಲ್ಲಿ ಹೋದರೆ ಒಂದು ದಿನದ ದಾರಿ. ಕಾಲ್ನಡಿಗೆಯಲ್ಲಿ ಹೋದರೂ ಬುಧವಾರಕ್ಕೆ ಮುಟ್ಟುತ್ತಿದ್ದೆ. ನಾನು ಸೀರೆ ಬದಲಿಸಿ, ಸೆರಗಿಗೆ ಪುಠಾಣಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಹೊರಟು ಚೌಕಿಗೆ ಹೋದೆ.

ಇದನ್ನು ಹೇಳಿದರೆ ಜನ ನನ್ನನ್ನು ಹುಚ್ಚಿ ಎನ್ನುತ್ತಾರೆ. ಸರ್ಕಾರವೇ ಬಿದ್ದುಹೋಗಿದೆ, ಅಮೀನ ಓಡಿಹೋಗಿದ್ದಾನೆ, ಚೌಕಿಗೆ ಬೀಗ, ಓಣಿಯ ಬಾಯಿ ತೆರೆದು ಬಿದ್ದಿದೆ, ಯಾರ ಅಪ್ಪಣೆಗೆ ಕಾದೆ ಎನ್ನುತ್ತಾರೆ. ಹೌದು, ಕಾದೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ಚಿಟ್ಠಿ ಇಲ್ಲದೆ ಹೋಗಿ ಸಿಕ್ಕಿಬಿದ್ದರೆ ಯಾಕೆ ಹೋದೆ ಎಂದು ಕೇಳುತ್ತಾರೆ. ಕೇಳುತ್ತ ಹೋದರೆ ಕೂಸು ಸಿಗುತ್ತದೆ. ಕೂಸು ಸಿಕ್ಕರೆ ಅವಳ ಹೆಸರು ಬರೆಯುತ್ತಾರೆ. ಐದು ವರ್ಷ ಬಚ್ಚಿಟ್ಟದ್ದನ್ನು ಒಂದು ದಿನದ ಅವಸರದಲ್ಲಿ ಕಳೆಯಬೇಕೇ ಎಂದುಕೊಂಡೆ. ದೊಡ್ಡಬಾಯಿಯೂ ಅದನ್ನೇ ಹೇಳಿದಳು.

"ಸರ್ಕಾರ ಹೋದ್ರ ರಿಜಿಸ್ಟರ್ ಹೋಗ್ತದೇನ? ಹೊಸಬರು ಬಂದು ಮೊದ್ಲ ಅದನ್ನೇ ತೆಗೀತಾರ. ಕಾಗದ ಇಲ್ದ ಕಾಲು ಹೊರಗ ಇಡಬ್ಯಾಡ."

ನಮ್ಮ ಮನೆಯ ಕಿರಿಯವಳೊಬ್ಬಳು ಅಷ್ಟರಲ್ಲಿ ಬಜಾರಿಗೆ ಹೋಗಿ, ಬದನೆಕಾಯಿ ತಂದು, ಯಾರೂ ಏನೂ ಕೇಳಲಿಲ್ಲ ಎಂದು ಬೆರಗಾಗಿ ಹೇಳಿದಳು. ಬಜಾರ ಬೇರೆ, ಭಾಲ್ಕಿ ಬೇರೆ ಎಂದು ಅವಳನ್ನು ಗದರಿಸಿದೆ.

ಚೌಕಿಯ ಕಟ್ಟೆಯ ಮೇಲೆ ಮಂಗಳವಾರ ಕೂತೆ. ಜವಾನ ಮುದುಕ ದಿನಾ ಬಂದು ಬೀಗ ಎಳೆದು ನೋಡಿ, ಕಟ್ಟೆ ಗುಡಿಸಿ ಹೋಗುತ್ತಿದ್ದ. ಅವನಿಗೂ ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಸಾಹೇಬರು ಬಂದಿಲ್ಲ ಎಂದ. ಬುಧವಾರ ಕೂತೆ. ಸಾಹೇಬರು ಬರುವ ಹಾಗೆ ಕಾಣುವುದಿಲ್ಲ ಎಂದ. ಕೂತಲ್ಲೇ ನಾನು ಕಾರಣ ಹುಡುಕುತ್ತಿದ್ದೆ. ಮಾವಂದಿರು ಮುಗಿದಿದ್ದರು, ಚಿಗವ್ವ ಮುಗಿದಿದ್ದಳು. ಯಾರನ್ನು ಸಾಯಿಸಲಿ ಎಂದು ಎರಡು ದಿನ ಯೋಚಿಸಿದೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗುರುವಾರ ಬೆಳಿಗ್ಗೆ ನಾನು ಮತ್ತೆ ಕಟ್ಟೆಯ ಮೇಲೆ ಕೂತಿದ್ದು ಕಂಡು ಜವಾನನಿಗೆ ತಡೆಯಲಾಗಲಿಲ್ಲ. ಕಸಬರಿಗೆ ಕೆಳಗಿಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಯಾಕವ್ವ ಹಿಂಗ ಕುಂತೀದಿ? ಹೋಗೂದಿದ್ರ ಹೋಗಬಾರದೇನ?"

"ಇಜಾಜತ್ ಇಲ್ದ ಹ್ಯಾಂಗ ಹೋಗ್ಲಿರಿ?"

ಅವನು ನನ್ನ ಮುಖ ನೋಡಿದ. ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದ. ಒಳಗೆ ಮೇಜು, ಕುರ್ಚಿ, ಕೆಂಪು ಬಟ್ಟೆಯ ರಿಜಿಸ್ಟರ್ ಎಲ್ಲ ಇದ್ದಲ್ಲೇ ಇದ್ದವು. ಒಂದು ಕಾಗದ ತೆಗೆದು ಮೇಜಿನ ಮೇಲೆ ಹಾಸಿ, ಸಾಹೇಬರ ಧಾಟಿಯಲ್ಲೇ ಕೇಳಿದ.

"ಕಾರಣ ಏನು?"

"ಚಿಗವ್ವ ಸತ್ತಾಳ್ರಿ."

"ಆಕಿ ಶ್ರಾವಣದಾಗ ಸತ್ತಾಳಲ್ಲವ್ವ."

ಎಲ್ಲ ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತೇನೋ. ನನಗೆ ಅಳು ಬಂತು, ಈ ಸಲ ನಿಜವಾದದ್ದು.

"ಮಗಳು ಅಂತ ಬರಿರಿ" ಎಂದೆ. "ಮಗಳನ್ನ ನೋಡ್ಲಾಕ ಹೋಗ್ತೇನಿ."

ಆ ಮಾತನ್ನು ಆ ಚೌಕಿಯಲ್ಲಿ ಅದೇ ಮೊದಲ ಸಲ ಹೇಳಿದ್ದು. ಮುದುಕ ಕಾಗದದ ಮೇಲೆ ಸಿಕ್ಕಾ ಒತ್ತಿ ನನ್ನ ಕೈಗೆ ಕೊಟ್ಟ. "ನನಗ ಬರೀಲಾಕ ಬರೂದಿಲ್ಲವ್ವ. ಸಿಕ್ಕಾ ಅದ, ಸಾಕು. ಹೋಗು, ಲಗೂನ ಹೋಗು" ಎಂದ. ಕಾರಣದ ಜಾಗ ಖಾಲಿಯೇ ಉಳಿಯಿತು.

ಶಹಾಗಂಜ್ ದರವಾಜಾದಲ್ಲಿ ಇಬ್ಬರು ಸಿಪಾಯಿಗಳು ನಿಂತಿದ್ದರು, ಯಾವ ಸೀಮೆಯವರೋ. ನಾನಾಗಿಯೇ ಅವರ ಮುಂದೆ ಹೋಗಿ ಚಿಟ್ಠಿ ಹಿಡಿದೆ. ಒಬ್ಬ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ ಇನ್ನೊಬ್ಬನಿಗೆ ತೋರಿಸಿದ. ಅವನು ನಕ್ಕು, ಹೋಗಮ್ಮ ಎಂಬಂತೆ ಕೈಬೀಸಿದ. ಅವರು ಅಲ್ಲಿ ನಿಂತಿದ್ದು ಬಂದೂಕು ಇದ್ದವರನ್ನು ಹಿಡಿಯಲು. ನನ್ನಂಥವಳನ್ನು ತಡೆಯಲು ಆ ದರವಾಜಾದಲ್ಲಿ ಯಾರೂ ನಿಂತಿರಲಿಲ್ಲ, ಆ ದಿನವೂ ಇಲ್ಲ, ಮೂರು ದಿನ ಹಿಂದೆಯೂ ಇಲ್ಲ. ಅದು ಅಲ್ಲೇ ಹೊಳೆಯಿತು.

ಕಮಠಾಣದ ರೈತನೊಬ್ಬ ಬೀಗರ ಮನೆಗೆಂದು ಭಾಲ್ಕಿಗೆ ಗಾಡಿ ಹೊಡೆಯುತ್ತಿದ್ದ. ಹಿಂದೆ ಕೂತುಕೊ ಎಂದ. ದಾರಿಯಲ್ಲಿ ಮಳೆ ಹಿಡಿಯಿತು. ಹಳ್ಳ ತುಂಬಿ, ನೀರು ಇಳಿಯುವ ತನಕ ಈಚೆ ದಂಡೆಯಲ್ಲೇ ನಿಲ್ಲಬೇಕಾಯಿತು. ಆತ ಎತ್ತುಗಳ ನೊಗ ಬಿಚ್ಚಿ, ಬೀಡಿ ಹಚ್ಚಿ, ನಿಧಾನವಾಗಿ ಕೂತ. ಅವನಿಗೇನು, ಅವನ ಬೀಗರು ಎಲ್ಲೂ ಓಡಿಹೋಗುವವರಿರಲಿಲ್ಲ. ನಾನು ಚಿಟ್ಠಿ ನೆನೆಯದ ಹಾಗೆ ಕುಪ್ಪಸದಲ್ಲಿ ಇಟ್ಟುಕೊಂಡಿದ್ದೆ.

ಶುಕ್ರವಾರ ಹೊತ್ತು ನೆತ್ತಿಗೆ ಬರುವಾಗ ಭಾಲ್ಕಿ ಮುಟ್ಟಿದೆ. ಚಿಗವ್ವನ ಮನೆಗೆ ಬೀಗ. ಎದುರುಮನೆಯ ಅಂಗಡಿಕಾರರ ಹೆಂಡತಿ, ಹಣೆಯ ತುಂಬ ವಿಭೂತಿ ಹಚ್ಚಿದ ದೊಡ್ಡ ಹೆಂಗಸು, ಮೊರ ಕೆಳಗಿಟ್ಟು ಬಂದಳು.

"ಮುಂಜಾನಿ ಗಾಡಿಗಿ ಹೋದ್ರಲ್ಲವ್ವ. ಎರಡು ತಾಸು ಆಯ್ತು. ಕೂಸು ಬೀದರ ಅವ್ವ ಬರ್ತಾಳಂತ ಮೂರು ದಿನ ಈ ಬಾಗಲದಾಗೇ ಕುಂತಿತ್ತು. ಒಳಗ ಕರದ್ರ ಬರವಲ್ದು."

ನಾನು ಕೂತ ಮೂರು ದಿನವೇ ಅವಳೂ ಕೂತದ್ದು. ಆ ಹೊಸ್ತಿಲ ಮೇಲೆ ನಾನೂ ಕೂತೆ. ಸೆರಗಿನ ಪುಠಾಣಿ ಮಳೆಗೆ ನೆನೆದು ಬೆಲ್ಲಕ್ಕೆ ಮೆತ್ತಿಕೊಂಡು ಮುದ್ದೆಯಾಗಿತ್ತು. ಆ ಹೆಂಗಸು ನೀರು ತಂದುಕೊಟ್ಟಳು, ಯಾರು ಏನು ಎಂದು ಕೇಳಲಿಲ್ಲ.

ಬೀದರಿಗೆ ಹಿಂದಿರುಗಲು ಕಾಲು ಏಳಲಿಲ್ಲ. ಅವ್ವನ ಊರಾದರೂ ನೋಡೋಣವೆಂದು ಔರಾದ ದಾರಿ ಹಿಡಿದೆ. ಅವಳು ನಡೆದು ಬಿಟ್ಟು ಬಂದ ಊರಿಗೆ ನಾನು ನಡೆದು ಹಿಂದೆ ಹೋದೆ. ಅವ್ವನ ತವರಿನವರು ಕುರಿಹಟ್ಟಿಯ ಹೊರಗೆ ಕೂರಿಸಿ ರೊಟ್ಟಿ ಕೊಟ್ಟರು, ಒಳಗೆ ಕರೆಯಲಿಲ್ಲ. ಔರಾದಿನ ಒಂದು ಕಿರಾಣಿ ಅಂಗಡಿಯ ಮನೆಯಲ್ಲಿ ಕಾಳು ಹಸನು ಮಾಡುವ ಕೆಲಸ ಸಿಕ್ಕಿತು. ಆ ಮನೆಯ ಅಜ್ಜಿ, ದಿನಾ ಕೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವಳು, ನನಗೆ ಕನ್ನಡ ಅಕ್ಷರ ಕಲಿಸಿದಳು. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರದಲ್ಲೇ. ಬಾವಿಗೆ ಹೋಗುವ ಮೊದಲು ನಾನು ದಿನಾ ಅವಳ ಮುಂದೆ ನಿಂತು "ಹೋಗ್ಲೇನ್ರಿ?" ಎಂದು ಕೇಳುತ್ತಿದ್ದೆ. "ನೀರು ತರ್ಲಾಕ ಯಾರನ್ನ ಕೇಳ್ತಿ ಹುಚ್ಚಿ?" ಎಂದು ಬೈಯುತ್ತಿದ್ದಳು. ಬೈಸಿಕೊಂಡು ಹೋಗಿ, ಮರುದಿನ ಮತ್ತೆ ಕೇಳುತ್ತಿದ್ದೆ.

ಹೈದರಾಬಾದಿಗೆ ಎರಡು ಸಲ ಹೋದೆ. ಸಮುದ್ರದಂಥ ಊರು. ರೈಲ್ವೆಯವರ ಮನೆಗಳಲ್ಲಿ ಕೇಳಿದೆ, ಸಿಗ್ನಲ್ ಹೊಡೆಯುವ ಇಂಥವನು ಎಂದೆ. ಕೆಲಸ ಬಿಟ್ಟ ಎಂದರು ಕೆಲವರು, ಅಂಥವನು ಇರಲೇ ಇಲ್ಲ ಎಂದರು ಕೆಲವರು. ಕೆಲವು ವರ್ಷಗಳ ಮೇಲೆ ಆ ಅಜ್ಜಿ ತೀರಿಕೊಂಡಳು. ನಾನು ಬೀದರಿಗೆ ಬಂದು ಚಿದ್ರಿಯಲ್ಲಿ ಕೋಣೆ ಹಿಡಿದು ಬಟ್ಟೆ ಹೊಲಿಯತೊಡಗಿದೆ. ಓಣಿ ಆ ಹೊತ್ತಿಗೆ ಖಾಲಿಯಾಗಿತ್ತು. ಒಮ್ಮೆ ಹಳೆಯ ಊರಿನ ಅಂಗಡಿಯಲ್ಲಿ ಬೆಲ್ಲ ಕೊಂಡಾಗ ಕಟ್ಟಿಕೊಟ್ಟ ಕಾಗದ ತಿರುಗಿಸಿ ನೋಡಿದೆ. ಚೌಕಿಯ ರಿಜಿಸ್ಟರಿನ ಹಾಳೆ. ನನ್ನ ಹೆಸರಿದ್ದದ್ದಲ್ಲ, ಇನ್ಯಾರದೋ. ಹೊಸ ಸರ್ಕಾರ ಮೊದಲು ತೆಗೆದು ನೋಡುತ್ತದೆ ಎಂದು ನಾವು ಹೆದರಿ ಸತ್ತ ಪುಸ್ತಕ ಅಂಗಡಿಯ ರದ್ದಿಯಾಗಿತ್ತು. ಬೆಲ್ಲವನ್ನು ಡಬ್ಬಿಗೆ ಸುರಿದುಕೊಂಡು ಕಾಗದವನ್ನು ಒಲೆಗೆ ಹಾಕಿದೆ.

ಪೊಲೀಸ್ ಆ್ಯಕ್ಷನ್ ಆಗಿ ಇಪ್ಪತ್ತು ವರ್ಷದ ಮೇಲೆ, ಒಂದು ಮಧ್ಯಾಹ್ನ ಬಾಗಿಲಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು ನಿಂತಳು. ಮುಖದ ಮೇಲಿನ ಬಟ್ಟೆ ಸರಿಸಿದಾಗ ನನಗೆ ಒಂದು ಕ್ಷಣ ನನ್ನ ಅವ್ವನೇ ನಿಂತ ಹಾಗೆ ಕಂಡಿತು. ಅದೇ ಗಲ್ಲ, ಅದೇ ಹುಬ್ಬು. ಅವಳು ಉರ್ದುವಿನಲ್ಲಿ ಮಾತಾಡಿದಳು, ಚೊಕ್ಕ ಹೈದರಾಬಾದಿ ಉರ್ದು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಆಪಾ, ನೀವೇ ಅಲ್ಲವೇ? ಚೌಬಾರಾ ಹತ್ತಿರದ ಬಳೆ ಅಂಗಡಿಯವರು ದಾರಿ ಹೇಳಿದರು. ಅಮ್ಮೀ ತೀರಿಕೊಂಡರು. ಬೀದರಿನಲ್ಲಿ ನಮ್ಮ ಅಕ್ಕನ ಮಗಳಿದ್ದಾಳೆ, ಹುಡುಕಿ ಹೇಳು ಎಂದಿದ್ದರು."

ಆಪಾ ಎಂದರೆ ಅಕ್ಕ. ಚಿಗವ್ವ ಅವಳಿಗೆ ತಾಯಿಯಾದ ಮೇಲೆ, ಚಿಗವ್ವನ ಅಕ್ಕನ ಮಗಳು ಅವಳಿಗೆ ಅಕ್ಕನೇ. ಸಂಬಂಧದ ಲೆಕ್ಕ ಸರಿಯಾಗಿತ್ತು. ಶ್ರಾವಣದಲ್ಲಿ ನಾನು ಸುಳ್ಳೇ ಸಾಯಿಸಿದ್ದ ಚಿಗವ್ವ ನಿಜವಾಗಿ ಸತ್ತ ಸುದ್ದಿ ತಂದು ನನ್ನ ಮಗಳು ನನ್ನ ಚಾಪೆಯ ಮೇಲೆ ಕೂತಿದ್ದಳು. ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಿಣಿಯಂತೆ. ಗಂಡ ಒಳ್ಳೆಯವನಂತೆ. ಚಹಾ ಮಾಡಿಕೊಟ್ಟೆ. ಸ್ವಲ್ಪ ಬಸಿಗೆ ಚೆಲ್ಲಿತು.

"ಆ ಓಣಿ ಏನಾಗಿತ್ತು ಆಪಾ? ನಾನು ಕೇಳಿದರೆ ಅಂಗಡಿಯವರು ಒಂಥರಾ ನೋಡಿದರು. ಅಮ್ಮೀ ಎಂದೂ ಹೇಳಲಿಲ್ಲ."

"ಹಾಡುವವರ ಓಣಿ" ಎಂದೆ.

ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಈ ಕೈಯ ಕಲೆ ನೋಡು, ಇದು ಸರ್ಕಾರದ ಪುಸ್ತಕದಲ್ಲಿ ಇದ್ದ ಗುರುತು. ಇದರ ಕೆಳಗೆ ನಿನ್ನ ಹೆಸರು ಬರಬಾರದೆಂದು ನಿನ್ನನ್ನು ಕೊಟ್ಟೆ ಎಂದು. ಹೇಳಿದರೆ ಆಗುವುದೇನು? ಕಡೆಗೆ ನಾನೇ ಅವಳ ಹೆಸರನ್ನು ನನ್ನ ಹೆಸರಿನ ಕೆಳಗೆ ಬರೆದ ಹಾಗಾಗುತ್ತಿತ್ತು. ನಾನು ಬಯಸಿದ್ದು ಆಗಿತ್ತು. ಆ ರಿಜಿಸ್ಟರಿಗೆ ಅವಳ ಹೆಸರು ಏರಲಿಲ್ಲ. ನನ್ನ ಹೆಸರಿನ ಜೊತೆಗೆ ಬೇರೆ ಎಲ್ಲಿಯೂ ಏರಲಿಲ್ಲ. ಚಹಾದ ಬಸಿ ಒರೆಸಿದೆ.

ಅವಳು ಚಹಾ ಮುಗಿಸಿ, "ಭಾಲ್ಕಿಯಲ್ಲಿದ್ದಾಗ ಯಾರೋ ಬರುತ್ತಿದ್ದರು ಆಪಾ" ಎಂದಳು. "ಸೆರಗಿನಲ್ಲಿ ಪುಠಾಣಿ ಕಟ್ಟಿಕೊಂಡು ಬರುತ್ತಿದ್ದರು. ಮುಖ ನೆನಪಿಲ್ಲ, ಗಂಟು ನೆನಪಿದೆ. ಹಲ್ಲಿನಿಂದ ಬಿಚ್ಚುತ್ತಿದ್ದೆ. ಅದು ಯಾರು?"

"ನಾನೇ."

ಅವಳ ಮುಖ ಅರಳಿತು. "ನೀವಾ! ಹಾಗಾದರೆ ಆಮೇಲೆ ಯಾಕೆ ಬರಲಿಲ್ಲ? ನಾನು ಬಾಗಿಲಲ್ಲಿ ಕೂತು ಕಾಯುತ್ತಿದ್ದೆ, ಅದು ಚೆನ್ನಾಗಿ ನೆನಪಿದೆ."

"ಚಿಟ್ಠಿ ಸಿಗಲಿಲ್ಲ" ಎಂದೆ.

ಉರ್ದುವಿನಲ್ಲಿ ಚಿಟ್ಠಿ ಎಂದರೆ ಪತ್ರ. ಅವಳು ತಲೆಯಾಡಿಸಿದಳು. "ಹೌದು, ಆ ಗದ್ದಲದಲ್ಲಿ ಟಪಾಲು ಎಲ್ಲಿ ಸರಿಯಾಗಿ ಮುಟ್ಟುತ್ತಿತ್ತು. ಅಮ್ಮೀ ಬರೆದಿರಬೇಕು, ನಿಮಗೆ ಮುಟ್ಟಿಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ತಿದ್ದಲಿಲ್ಲ.

ಬಸ್ಸಿಗೆ ಹೊತ್ತಾಗುತ್ತಿತ್ತು. ಒಳಗೆ ಹೋಗಿ ಡಬ್ಬಿಯಿಂದ ಪುಠಾಣಿ, ಬೆಲ್ಲ ತೆಗೆದು, ಒಂದು ಬಿಳಿ ದಸ್ತಿ ಬಟ್ಟೆಯಲ್ಲಿ ಕಟ್ಟಿದೆ. ಹಲ್ಲಿನಿಂದ ಎಳೆದು ಎಳೆದು ಬಿಗಿಯಾಗಿ ಕಟ್ಟಿದೆ. ಅವಳು ನಕ್ಕು ಅದನ್ನು ಬಿಚ್ಚದೆ ಚೀಲದಲ್ಲಿ ಇಟ್ಟುಕೊಂಡಳು, ಬಸ್ಸಿನಲ್ಲಿ ತಿನ್ನುತ್ತೇನೆ ಎಂದಳು. ಆಮೇಲೆ ಎದ್ದು, ಬುರ್ಖಾ ಸರಿಪಡಿಸಿಕೊಂಡು, ಬಲಗೈ ಹಣೆಯ ತನಕ ತಂದು, ಸ್ವಲ್ಪ ಬಾಗಿ ನಿಂತಳು.

"ಆಪಾ, ಅಬ್ ಇಜಾಜತ್ ದೀಜಿಯೆ."

ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಆ ಮಾತು ಕೇಳಿರಲಿಲ್ಲ. ಕೊಡುವುದಿಲ್ಲ, ಕೂತುಕೋ ಎಂದಿದ್ದರೆ ನಕ್ಕು ಇನ್ನೊಂದು ಗಳಿಗೆ ಕೂರುತ್ತಿದ್ದಳೇನೋ. ಅವಳು ಬಾಗಿಯೇ ಇದ್ದಳು. ಅಪ್ಪಣೆಗೆ ಬಾಗಿ ನಿಂತಾಗ ಸೊಂಟ ಎಷ್ಟು ನೋಯುತ್ತದೆಂದು ನನಗೆ ಗೊತ್ತು.

ಹೋಗಿ ಬಾ ಎಂದೆ. ಕನ್ನಡದಲ್ಲೇ ಬಂತು. ಅವಳಿಗೆ ತಿಳಿಯಲಿಲ್ಲ, ಹೂಂ ಅಂದದ್ದು ಎಂದುಕೊಂಡು ಸಲಾಮು ಮಾಡಿ ಹೋದಳು. ಮತ್ತೆ ಬಂದಿಲ್ಲ.